ಫ್ಯೂಸ್ ಹಾಕುವ ಮುನ್ನ

ಕೆಟ್ಟ ಟಿವಿಯನ್ನೋ ಆಂಪ್ಲಿಫೈಯರನ್ನೋ ಹೊತ್ತು ತಂದವರಿಗೆ ಬೀಳಗಿಯ ರಿಪೇರಿಯವರು ಮೊದಲು ಕೇಳಬೇಕಾದ ಪ್ರಶ್ನೆ, "ಯಾವಾಗಿಂದ ಹಿಂಗಾಗೇತ್ರಿ?" ಎನ್ನುವುದು. ‘ಕರೆಂಟ್ ಹೋಗಿ ಬಂದಾಗ ಠಪ್ ಅಂತು’ ಎಂದರೆ ಹುಡುಕುವ ದಾರಿ ಒಂದು. ‘ಮೊದಲ ತಡಾ ಮಾಡಿ ಹತ್ತತಿತ್ತು, ಈಗ ಪೂರಾ ಹತ್ತವಲ್ದು’ ಎಂದರೆ ದಾರಿಯೇ ಬೇರೆ. ಈ ಮಾತು ಕೇಳಿಸಿಕೊಳ್ಳದೆ ಬೋರ್ಡಿಗೆ ಕಾವು ಹಚ್ಚುವವರು ಸರಿಯಿದ್ದ ಭಾಗಗಳನ್ನೂ ಕಿತ್ತು ಕೆಡಿಸುತ್ತಾರೆ.

ಮೊದಲ ದಾರಿ ಹಿಡಿಯೋಣ. ಮೂರು ಫೇಸಿನ ಸಾಲಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400. ಗಾಳಿ ಮಳೆಗೆ ನ್ಯೂಟ್ರಲ್ ಕಡಿದುಹೋದರೆ, ಕಡಿಮೆ ಸಾಮಾನು ಹಚ್ಚಿಟ್ಟ ಮನೆಗೆ ಆ 400ರ ಬಹುಪಾಲು ನುಗ್ಗುತ್ತದೆ. ಆಗ ಸೆಟ್ಟಿನೊಳಗೆ ಮೊದಲು ಪೆಟ್ಟು ತಿನ್ನುವುದು ಫ್ಯೂಸಿನ ಮಗ್ಗುಲಲ್ಲಿರುವ ನೀಲಿ ಬಿಲ್ಲೆ, ವೇರಿಸ್ಟರ್. ಅದರ ಮೇಲೆ 471 ಎಂದು ಬರೆದಿದ್ದರೆ 47ರ ಮುಂದೆ ಒಂದು ಸೊನ್ನೆ, ಅಂದರೆ 470 ವೋಲ್ಟ್. 400 ವೋಲ್ಟ್ ಎಸಿಯ ತುದಿ 565ಕ್ಕೆ ಮುಟ್ಟುವುದರಿಂದ ಬಿಲ್ಲೆ ತಾನು ಶಾರ್ಟ್ ಆಗಿ ಫ್ಯೂಸನ್ನು ಸುಡುತ್ತದೆ, ಹಿಂದಿನ ಐಸಿಗಳು ಬಹಳ ಸಲ ಉಳಿದುಕೊಳ್ಳುತ್ತವೆ. ಹೊಸ ಬಿಲ್ಲೆಗೆ ಹತ್ತಿಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಸುಟ್ಟ ಬಿಲ್ಲೆಯನ್ನು ಕತ್ತರಿಸಿ ಒಗೆದು, ಫ್ಯೂಸಿನ ಜಾಗದಲ್ಲಿ ತಂತಿ ಸುತ್ತಿ ‘ಚಾಲೂ ಆಯ್ತು’ ಎಂದು ಕೊಡುವುದು ರಿಪೇರಿಯಲ್ಲ, ಮನೆಗೆ ಬೆಂಕಿ ಕೊಟ್ಟು ಕಳಿಸಿದ ಹಾಗೆ.

ಹೊಸ ಫ್ಯೂಸ್ ಹಾಕಿದ ಮೇಲೂ ಸೆಟ್ಟನ್ನು ನೇರವಾಗಿ ಲೈನಿಗೆ ಕೊಡಬಾರದು. ಮೇಜಿನ ಮೇಲೆ ಸೀರೀಸ್ ಬೋರ್ಡ್ ಇರಲೇಬೇಕು: 60 ಅಥವಾ 100 ವ್ಯಾಟಿನ ಹಳೆಯ ಬಲ್ಬಿನ ಮೂಲಕ ಹಾದು ಕರೆಂಟು ಸೆಟ್ಟಿಗೆ ಹೋಗಬೇಕು. ಒಳಗೆ ಶಾರ್ಟ್ ಉಳಿದಿದ್ದರೆ ಬಲ್ಬು ಪೂರಾ ಬೆಳಗಿ ನಿಲ್ಲುತ್ತದೆ, ಏನೂ ಸುಡುವುದಿಲ್ಲ. ಎಲ್ಲ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು. ಕಾದಂತೆ ತಡೆ ಹೆಚ್ಚಿಸಿಕೊಳ್ಳುವ ಗುಣ ಇರುವುದು ಟಂಗ್‌ಸ್ಟನ್ ತಂತಿಗೆ. ಹಳದಿ ಬೆಳಕಿನ ಆ ಬಲ್ಬು ಮನೆಯಲ್ಲಿ ಉಳಿದಿದ್ದರೆ ಒಗೆಯಬೇಡಿ, ರಿಪೇರಿಯವರಿಗೆ ಕೊಡಿ.

ತಡಾ ಮಾಡಿ ಹತ್ತುವ ಸೆಟ್ಟಿನಲ್ಲಿ ಅನುಮಾನ ಮೊದಲು ಕಂಡೆನ್ಸರ್ ಮೇಲೆ. ಅದರೊಳಗಿನ ದ್ರಾವಣ ಕಾವಿಗೆ ಒಣಗುತ್ತದೆ. ಕಾವು 10 ಡಿಗ್ರಿ ಇಳಿದರೆ ಆಯುಷ್ಯ ಸುಮಾರು ಇಮ್ಮಡಿ ಎಂಬುದು ಈ ಕಸುಬಿನ ಲೆಕ್ಕ. ಬಿಸಿಲು 40 ದಾಟುವ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಮುಚ್ಚಿದ ಸೆಟ್ಟಿನೊಳಗೆ 65 ಡಿಗ್ರಿ ಇದೆಯೆನ್ನಿ. 85 ಡಿಗ್ರಿಗೆ 2000 ತಾಸು ಎಂದು ಗುರುತಿದ್ದ ಕಂಡೆನ್ಸರ್ 8000 ತಾಸು ಬಾಳೀತು. 105 ಡಿಗ್ರಿಗೆ 2000 ತಾಸಿನದು 32,000. ಬೆಲೆಯಲ್ಲಿ ಅಂತರ ಕೆಲವೇ ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತರಿಸುವವರು 105 ಎಂಬ ಅಂಕಿ ನೋಡಿಯೇ ತರಿಸಬೇಕು. ತಲೆ ಉಬ್ಬದ ಕಂಡೆನ್ಸರ್ ಕೂಡ ಒಳಗೆ ಒಣಗಿರಬಹುದು, ಕಣ್ಣನ್ನಷ್ಟೇ ನಂಬದೆ ಮೀಟರ್ ಹಚ್ಚಿ ನೋಡಬೇಕು. ಮುಟ್ಟುವ ಮೊದಲು ಎಚ್ಚರ: ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ 325 ವೋಲ್ಟ್ ಡಿಸಿ ಕೂತಿರಬಹುದು.

ಇಷ್ಟನ್ನೂ ನಮ್ಮ ಹುಡುಗರು ಸರ್ಕ್ಯೂಟ್ ನಕಾಶೆ ಇಲ್ಲದೆಯೇ, ಸತ್ತ ಬೋರ್ಡುಗಳ ಗೆರೆ ಹಿಡಿದು ಕಲಿಯುತ್ತಾರೆ ಎಂಬುದು ನನಗೆ ಸಂಕಟದ ಸಂಗತಿ. ವಾಲ್ವ್ ರೇಡಿಯೊಗಳ ಕಾಲದಲ್ಲಿ ಎಷ್ಟೋ ಸೆಟ್ಟುಗಳ ಹಿಂಬದಿ ರಟ್ಟಿನ ಒಳಮೈಗೆ ನಕಾಶೆ ಅಂಟಿಸಿರುತ್ತಿತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದದ್ದು ಒಳ್ಳೆಯ ಹೆಜ್ಜೆ. ಆದರೆ ಕೈಪಿಡಿ, ಬಿಡಿಭಾಗಗಳ ಮಾಹಿತಿ ಕೊಡುವುದು ಕಂಪನಿಯ ಮರ್ಜಿಗೆ ಬಿಟ್ಟ ವಿಷಯವಾಗಬಾರದು. ಮಾರುವ ಪ್ರತಿ ಸೆಟ್ಟಿನ ನಕಾಶೆಯೂ ಬೀಳಗಿಯ ರಿಪೇರಿಯವರ ಮೇಜಿನವರೆಗೆ ಬರಬೇಕು, ಕಾನೂನಿನ ಬಲದಿಂದಲೇ ಬರಬೇಕು.