ತಪ್ಪು ಮಾಡಿದ ಹುಡುಗ ಮರಳಿ ಕೇರಿಗೆ

ಹದಿನೆಂಟು ತುಂಬದ ಮಗು ಅಪರಾಧದ ಆರೋಪಕ್ಕೆ ಸಿಕ್ಕಾಗ ಅದನ್ನು ಸಂಸ್ಥೆಯೊಳಗೆ ಇರಿಸುವುದು ಕಟ್ಟಕಡೆಯ ದಾರಿ. 2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಇದನ್ನು ತನ್ನ ಮೂಲತತ್ತ್ವಗಳಲ್ಲಿ ಒಂದಾಗಿ ಬರೆದುಕೊಂಡಿದೆ. ಬೆಂಗಳೂರಿನ ಹುಡುಗರ ಪಾಲಿಗೆ ಆ ಕಡೆಯ ದಾರಿ ಎಂದರೆ ಮಡಿವಾಳದ ಸರ್ಕಾರಿ ವೀಕ್ಷಣಾಲಯ. ಜನರ ಬಾಯಲ್ಲಿ ಅದು ಇಂದಿಗೂ ‘ರಿಮ್ಯಾಂಡ್ ಹೋಂ’. ಅದಕ್ಕೂ ಮೊದಲು ಹಿಡಿಯಬೇಕಾದ ದಾರಿಗಳು ಮನೆ, ಶಾಲೆ, ಕೇರಿ ಮತ್ತು ಕೆಲಸ ಕಲಿಯುವ ಜಾಗದ ಮೂಲಕ ಹಾದುಹೋಗುತ್ತವೆ.

ಈ ವಿಚಾರ ಒಮ್ಮೆಗೇ ಬಂದದ್ದಲ್ಲ. ಬ್ರಿಟಿಷರ ಕಾಲದ 1897ರ ಸುಧಾರಣಾ ಶಾಲೆಗಳ ಕಾಯ್ದೆ ಹುಡುಗರನ್ನು ಜೈಲಿನಿಂದ ಬಿಡಿಸಿತಾದರೂ ಮತ್ತೊಂದು ಗೋಡೆಯೊಳಗೇ ಇಟ್ಟಿತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯಿಸುವ ಮಕ್ಕಳ ಕಾಯ್ದೆ 1964ರಲ್ಲಿ ಬಂತು. ಹೆಚ್ಚುಕಡಿಮೆ ದೇಶಕ್ಕೆಲ್ಲ ಒಂದೇ ಬಾಲನ್ಯಾಯ ಕಾಯ್ದೆ ಬಂದದ್ದು 1986ರಲ್ಲಿ. ಮಗುವಿನ ಬಂಧನ ಕೊನೆಯ ಉಪಾಯವಾಗಿರಬೇಕು, ಅದೂ ಆದಷ್ಟು ಕಡಿಮೆ ಅವಧಿಗೆ ಇರಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 2000 ಮತ್ತು 2015ರ ಕಾಯ್ದೆಗಳು ಅದರ ಜಾಡಿನಲ್ಲೇ ರೂಪುಗೊಂಡವು.

ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ನಿಲ್ಲಿಸಿದ್ದ ಸ್ಕೂಟರನ್ನು ಹದಿನಾರರ ಹುಡುಗನೊಬ್ಬ ಕದ್ದು ಸಿಕ್ಕಿಬಿದ್ದರೆ ಮುಂದೆ ಏನಾಗಬೇಕು ಎಂಬುದನ್ನು ಗಮನಿಸಿದರೆ ಕಾಯ್ದೆಯ ನಡೆ ಅರ್ಥವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಂಥ ಕಳವಿಗೆ, ಮೊದಲ ಸಲವಾದರೆ, ಗರಿಷ್ಠ ಶಿಕ್ಷೆ ಮೂರು ವರ್ಷ. ಹಾಗಾಗಿ ಬಾಲನ್ಯಾಯದ ಲೆಕ್ಕದಲ್ಲಿ ಇದು ಸಣ್ಣ ಅಪರಾಧ. ಹುಡುಗನೊಬ್ಬನೇ ಇದ್ದು, ಜೊತೆಗೆ ದೊಡ್ಡವರು ಸೇರಿರದಿದ್ದರೆ ಎಫ್‌ಐಆರ್ ಇಲ್ಲ; ಠಾಣೆಯ ದಿನಚರಿಯಲ್ಲಿ ನಮೂದಾದರೆ ಸಾಕು. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಮವಸ್ತ್ರ ಬಿಟ್ಟು ಸಾದಾ ಉಡುಪಿನಲ್ಲಿ ಮಾತನಾಡಿಸಬೇಕು. ಕೈಗೆ ಕೋಳ ಹಾಕುವಂತಿಲ್ಲ, ಲಾಕಪ್ಪಿಗೆ ತಳ್ಳುವಂತಿಲ್ಲ. ಹುಡುಗನ ಒಳಿತಿಗೆ ಅಗತ್ಯವಿಲ್ಲದಿದ್ದರೆ ವಶಕ್ಕೆ ಪಡೆಯುವ ಮಾತೂ ಇಲ್ಲ; ಬಾಲನ್ಯಾಯ ಮಂಡಳಿಯ ಮುಂದೆ ಯಾವತ್ತು ಬರಬೇಕೆಂದು ತಂದೆತಾಯಿಗೆ ತಿಳಿಸಿ ಮನೆಗೆ ಕಳುಹಿಸಬಹುದು. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಲೇಬೇಕು.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಈ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕೋಣೆ ಕೋರ್ಟಿನಂತೆ ಕಾಣಬಾರದು, ಕಟಕಟೆ ಇರಬಾರದು. ಜಾಮೀನು ಇಲ್ಲಿ ಸಾಮಾನ್ಯ ನಿಯಮ. ಬಿಟ್ಟರೆ ಹುಡುಗ ಪಾತಕಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಇಲ್ಲವೇ ನ್ಯಾಯದ ಉದ್ದೇಶ ಕೆಡುತ್ತದೆ ಎಂಬ ಕಾರಣಗಳಿದ್ದರೆ ಮಾತ್ರ ನಿರಾಕರಿಸಬಹುದು.

ಮುಂದಿನ ಕೆಲಸ ಪರಿವೀಕ್ಷಣಾಧಿಕಾರಿಯದು. ಹದಿನೈದು ದಿನದೊಳಗೆ ಅವರು ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯಲ್ಲಿ ಯಾರಿದ್ದಾರೆ, ದುಡಿಯುವವರು ಯಾರು, ಹುಡುಗ ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ ಮತ್ತು ಏಕೆ, ಸಂಜೆ ಯಾರ ಜೊತೆ ಇರುತ್ತಾನೆ, ಕುಡಿತ ಅಥವಾ ಬೇರೆ ಚಟ ಇದೆಯೇ, ಮನೆಯಲ್ಲಿ ಹೊಡೆತ ತಿನ್ನುತ್ತಾನೆಯೇ ಎಂಬುದೆಲ್ಲ ಅದರಲ್ಲಿ ಬರಬೇಕು. ಮನೆಯ ಹೊಸ್ತಿಲು ದಾಟಿ ತಾಯಿಯೊಡನೆ ಕೂತು ಕೇಳದೆ ಇಂಥ ವರದಿ ಬರೆಯಲಾಗದು. ಮಂಡಳಿಯ ತೀರ್ಮಾನ ನಿಲ್ಲುವುದೇ ಇದರ ಮೇಲೆ.

ತಪ್ಪು ಸಾಬೀತಾದ ಮೇಲೆ ಮಂಡಳಿ ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು, ಗುಂಪು ಆಪ್ತಸಮಾಲೋಚನೆಗೆ ಸೇರಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಸನ್ನಡತೆಯ ಷರತ್ತಿನ ಮೇಲೆ ಹೆಚ್ಚೆಂದರೆ ಮೂರು ವರ್ಷ ಮೇಲ್ವಿಚಾರಣೆಯಲ್ಲಿ ಇಡಬಹುದು. ಶಾಲೆಗೋ ಕಸುಬಿನ ತರಬೇತಿಗೋ ಹೋಗಬೇಕೆಂದೂ ಆದೇಶಿಸಬಹುದು. ತಪ್ಪು ಸಾಬೀತಾದ ಮಕ್ಕಳನ್ನು ಇರಿಸುವ ವಿಶೇಷ ಗೃಹಕ್ಕೆ ಕಳುಹಿಸುವುದು ಈ ಪಟ್ಟಿಯ ಕೊನೆಯ ಸಾಲು. ಸಮುದಾಯ ಸೇವೆ ಹದಿನಾಲ್ಕು ದಾಟಿದವರಿಗೆ ಮಾತ್ರ. ಉದ್ಯಾನ ನೋಡಿಕೊಳ್ಳುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು ಇಂಥವನ್ನು ನಿಯಮಗಳೇ ಹೆಸರಿಸಿವೆ.

ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಇಂಥ ಸೇವೆಗೆ, ತರಬೇತಿಗೆ ಬೇಕಾದ ಜಾಗಗಳು ನಡೆದು ತಲುಪುವ ದೂರದಲ್ಲಿವೆ. ಬಸವನಗುಡಿಯಲ್ಲಿ ಕೃಷ್ಣರಾವ್ ಪಾರ್ಕ್, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆ, ಕಸುಬು ಕಲಿಯುವವನಿಗೆ ಕಲಾಸಿಪಾಳ್ಯ ಮತ್ತು ಜೆ.ಸಿ. ರಸ್ತೆಯ ಗ್ಯಾರೇಜುಗಳು. ಮಕ್ಕಳಿಗಾಗಿ ಊರೇ ಜಾಗ ಮಾಡಿಕೊಟ್ಟ ಪರಂಪರೆಯೂ ಇಲ್ಲಿದೆ. ಆರ್. ಕಲ್ಯಾಣಮ್ಮ 1938ರಲ್ಲಿ ಕಟ್ಟಿದ ಮಕ್ಕಳ ಕೂಟ ಚಾಮರಾಜಪೇಟೆಯಲ್ಲಿದೆ. 1980ರಿಂದ ಬೀದಿಮಕ್ಕಳ ನಡುವೆ ದುಡಿಯುತ್ತಿರುವ ಬಾಸ್ಕೊ ಸಂಸ್ಥೆಯ ಕಾರ್ಯಕರ್ತರು ರೈಲು ನಿಲ್ದಾಣ, ಬಸ್ ನಿಲ್ದಾಣಗಳಿಗೆ ತಾವೇ ಹೋಗಿ ಮಕ್ಕಳನ್ನು ಮಾತನಾಡಿಸುತ್ತಾರೆ. ಮಗು ಠಾಣೆ ತಲುಪುವ ಮೊದಲೇ ಯಾರಾದರೂ ಅದರ ಕೈಹಿಡಿದರೆ ಮಂಡಳಿಯ ಅಗತ್ಯವೇ ಬೀಳುವುದಿಲ್ಲ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಂಥ ಮಕ್ಕಳ ಇಲಾಖೆಯ ಮುಖ್ಯಸ್ಥರಾಗಿದ್ದ ಜೆರೋಮ್ ಮಿಲ್ಲರ್ 1970ರ ದಶಕದ ಆರಂಭದಲ್ಲಿ ದೊಡ್ಡ ಸುಧಾರಣಾ ಶಾಲೆಗಳನ್ನು ಮುಚ್ಚಿಸಿ ಮಕ್ಕಳನ್ನು ಸಣ್ಣ ಮನೆಗಳಿಗೆ, ಕುಟುಂಬಗಳಿಗೆ ಒಪ್ಪಿಸಿದರು. ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲಿ ಮಾವೊರಿ ಸಮುದಾಯದ ರೂಢಿಯಿಂದ ಪಾಠ ಕಲಿತು, ತಪ್ಪು ಮಾಡಿದ ಮಗು, ಅದರ ಬಂಧುಗಳು ಮತ್ತು ನೊಂದವರು ಒಂದೆಡೆ ಕೂತು ಪರಿಹಾರ ಹುಡುಕುವ ಕುಟುಂಬ ಸಭೆಯನ್ನು ತಂದಿತು. ಕದ್ದ ಸ್ಕೂಟರಿನ ಮಾಲೀಕ ತನ್ನ ನಷ್ಟವನ್ನು ಹುಡುಗನ ಎದುರೇ ಹೇಳಿಕೊಳ್ಳಲು ಇಂಥ ಸಭೆಯಲ್ಲಿ ಅವಕಾಶವಿದೆ. ಅವನ ನೋವಿಗೂ ಅಲ್ಲಿ ಬೆಲೆಯಿದೆ.

ಎಲ್ಲ ಮಕ್ಕಳಿಗೂ ಮನೆಯೇ ಮದ್ದಲ್ಲ. ಮನೆಯಲ್ಲೇ ಹಿಂಸೆ ಇರುವ, ನೋಡಿಕೊಳ್ಳುವವರೇ ಇಲ್ಲದ, ಮತ್ತೊಬ್ಬರ ಜೀವಕ್ಕೆ ಅಪಾಯ ತರಬಲ್ಲ ಮಕ್ಕಳಿಗೆ ಸ್ವಲ್ಪ ಕಾಲ ಬೇರೆ ನೆಲೆ ಬೇಕಾಗುತ್ತದೆ. ಆದರೆ ಸಣ್ಣ ತಪ್ಪಿಗೆ ಒಳಗೆ ಹೋದವನ ಶಾಲೆ ತಪ್ಪುತ್ತದೆ, ಪರೀಕ್ಷೆ ಕೈತಪ್ಪುತ್ತದೆ, ಪಳಗಿದವರ ಸಹವಾಸ ಸಿಗುತ್ತದೆ, ‘ರಿಮ್ಯಾಂಡ್ ಹೋಂಗೆ ಹೋಗಿಬಂದವನು’ ಎಂಬ ಹೆಸರು ಬೆನ್ನಿಗೆ ಅಂಟುತ್ತದೆ. ಅದನ್ನು ತಪ್ಪಿಸಲು ವಾರವಾರ ಮನೆಗೆ ಹೋಗಿಬರಲು ಪುರುಸೊತ್ತಿರುವ ಪರಿವೀಕ್ಷಣಾಧಿಕಾರಿ ಬೇಕು, ಹಿಂದಿನದನ್ನು ಕೆದಕದೆ ಮತ್ತೆ ಬೆಂಚಿನಲ್ಲಿ ಕೂರಿಸಿಕೊಳ್ಳುವ ಮೇಷ್ಟ್ರು ಬೇಕು, ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸುವ ಗ್ಯಾರೇಜಿನ ಯಜಮಾನ ಬೇಕು.

ಕಾಯ್ದೆ ತನ್ನ ಪಾಲಿನದನ್ನು ಮಾಡಿದೆ. 74ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದೂ ಪ್ರಕಟವಾಗುವಂತಿಲ್ಲ. 24ನೇ ಸೆಕ್ಷನ್ ಪ್ರಕಾರ, ಇಂಥ ಪ್ರಕರಣದ ತೀರ್ಪು ಮುಂದೆ ಯಾವ ಅನರ್ಹತೆಗೂ ಕಾರಣವಾಗದು. ನಿಗದಿತ ಅವಧಿ ಕಳೆದ ಮೇಲೆ ಕಡತವನ್ನೇ ನಾಶಮಾಡಬೇಕು. ಸ್ಕೂಟರ್ ಕದ್ದ ಹುಡುಗ ಮುಂದೊಂದು ದಿನ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಹಳೆಯ ಕಾಗದ ಎಲ್ಲಿಯೂ ಇರುವುದಿಲ್ಲ.