ಕಣದ ಪಾಲು

ನವಲಗುಂದ ತಾಲೂಕಿನ ತಿರ್ಲಾಪುರ ಎರೆಯ ನಾಡಿನ ಊರು. ರಾಶಿಯ ಯಂತ್ರಗಳು ಬರುವ ಮುನ್ನ ಈ ನಾಡಿನಲ್ಲಿ ಸುಗ್ಗಿಯೆಂದರೆ ಕಣದ ಸಂಭ್ರಮ. ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ, ಹಂತಿ ಹೊಡೆದು, ಗಾಳಿಗೆ ತೂರಿದ ಜೋಳ ರಾಶಿಯಾಗಿ ಬೀಳುತ್ತಿತ್ತು. ಆ ರಾಶಿಯನ್ನು ನೇರವಾಗಿ ಮನೆಗೆ ಹೇರುವ ರೂಢಿಯಿರಲಿಲ್ಲ. ಬಡಿಗ, ಕಮ್ಮಾರ, ಅಗಸ ಮೊದಲಾದ ಆಯಗಾರರ ಪಾಲು, ಬೇಡಿ ಬಂದವರ ಬೊಗಸೆಕಾಳು ಎಲ್ಲವೂ ಕಣದಲ್ಲಿಯೇ ಸಂದುಹೋದ ಮೇಲೆ ಉಳಿದದ್ದು ಹಗೇವಿಗೆ ಇಳಿಯುತ್ತಿತ್ತು. ಅಳೆಯುವವನಾರು, ಸೆರಗೊಡ್ಡುವವನಾರು ಎಂಬುದನ್ನು ಹುಟ್ಟೇ ನಿರ್ಣಯಿಸುತ್ತಿದ್ದ ಆ ವ್ಯವಸ್ಥೆಯಲ್ಲಿ ಅನ್ಯಾಯ ಕಡಿಮೆಯೇನಿರಲಿಲ್ಲ. ಆದರೂ ಅದರ ಒಡಲಲ್ಲಿ ಒಂದು ತಿಳಿವಿತ್ತು: ಕಣಕ್ಕೆ ಬಿದ್ದ ಕಾಳೆಲ್ಲ ಹೊಲದೊಡೆಯನೊಬ್ಬನ ದುಡಿಮೆಯಲ್ಲ.

ಕಾಲ್ಚೆಂಡಿನ ಆಟದಿಂದ ಕುಬೇರರಾದವರ ದಾನಧರ್ಮದ ಸುದ್ದಿಗಳನ್ನು ಓದುವಾಗಲೆಲ್ಲ ಈ ಕಣ ನೆನಪಾಗುತ್ತದೆ. ನಮ್ಮ ಹಳೆಯ ಆಟಗಾರರಿಗೆ ಈ ಆಟ ಕೀರ್ತಿ ತಂದಿತೇ ಹೊರತು ಸಿರಿಯನ್ನು ತರಲಿಲ್ಲ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ಆ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ್ದರು. ಇಂದು ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳಲ್ಲಿ ವಾರವೊಂದಕ್ಕೆ ಲಕ್ಷ ಪೌಂಡಿಗೂ ಮಿಗಿಲಾದ ಸಂಬಳ ಪಡೆಯುವವರಿದ್ದಾರೆ. ಅಷ್ಟು ದೊಡ್ಡ ರಾಶಿಯಿಂದ ಎಷ್ಟು ಕಾಳು ಕಣದಲ್ಲಿ ಉಳಿಯಬೇಕು?

ಪಶ್ಚಿಮ ಆಫ್ರಿಕೆಯ ಸೆನೆಗಲ್ ದೇಶದಲ್ಲಿ ಬಂಬಾಲಿ ಎಂಬ ಹಳ್ಳಿಯಿದೆ. ೧೯೯೨ರಲ್ಲಿ ಅಲ್ಲಿ ಹುಟ್ಟಿದ ಸಾದಿಯೊ ಮಾನೆ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಕಾಯಿಲೆಯ ಮನುಷ್ಯನನ್ನು ಕರೆದೊಯ್ಯಲು ಊರಿನಲ್ಲಿ ಆಸ್ಪತ್ರೆಯೇ ಇರಲಿಲ್ಲ. ಮುಂದೆ ಲಿವರ್‌ಪೂಲ್ ತಂಡದಲ್ಲಿ ಆಡಿ ಹೆಸರುವಾಸಿಯಾದ ಮಾನೆ ಊರಿಗೆ ಶಾಲೆ ಕಟ್ಟಿಸಿದರು. ಸುಮಾರು ೫ ಲಕ್ಷ ಪೌಂಡು ಕೊಟ್ಟು ಕಟ್ಟಿಸಿದ ಆಸ್ಪತ್ರೆ ೨೦೨೧ರಲ್ಲಿ ತೆರೆಯಿತು. ಮಗನು ತಂದೆಗೆ ಸಲ್ಲಿಸಬಹುದಾದ ತರ್ಪಣ ಇದಕ್ಕಿಂತ ದೊಡ್ಡದಿರಲಾರದು. ಆದರೆ ಕಟ್ಟಡವೊಂದೇ ರೋಗವನ್ನು ಗುಣಪಡಿಸದು. ವೈದ್ಯರು ಬೇಕು, ದಾದಿಯರು ಬೇಕು, ವರ್ಷವರ್ಷವೂ ಔಷಧಿ ಬೇಕು. ಆಸ್ಪತ್ರೆಯ ವಿಷಯವಾಗಿ ಮಾನೆ ದೇಶದ ಅಧ್ಯಕ್ಷರನ್ನೇ ಕಂಡು ಮಾತನಾಡಿದ್ದು ಈ ಕಾರಣದಿಂದಲೇ ಇದ್ದೀತು. ದಾನಿಯ ಕೈ ಎಷ್ಟೇ ಉದ್ದವಾದರೂ ಸರಕಾರದ ಹೊಣೆಯನ್ನು ಪೂರ್ತಿ ಹೊರಲಾರದು.

ಇದನ್ನು ಇನ್ನೂ ಚೆನ್ನಾಗಿ ಬಲ್ಲವರು ಮ್ಯಾಂಚೆಸ್ಟರಿನ ಮಾರ್ಕಸ್ ರಾಷ್‌ಫರ್ಡ್. ಶಾಲೆಯ ಉಚಿತ ಊಟವುಂಡು ಬೆಳೆದ ಈ ತರುಣ, ೨೦೨೦ರ ಸೋಂಕಿನ ದಿನಗಳಲ್ಲಿ ಹಸಿದ ಮಕ್ಕಳಿಗಾಗಿ ಹಣ ಕೂಡಿಸಲು ನೆರವಾದರು. ಅಷ್ಟಕ್ಕೇ ತೃಪ್ತರಾಗದೆ ಪಾರ್ಲಿಮೆಂಟಿನ ಸದಸ್ಯರಿಗೆ ಬಹಿರಂಗ ಪತ್ರ ಬರೆದರು. ಬೇಸಗೆ ರಜೆಯಲ್ಲಿ ಊಟದ ನೆರವಿಲ್ಲ ಎಂದಿದ್ದ ಸರಕಾರ ಮಾತು ಬದಲಿಸಿತು. ಸುಮಾರು ೧೩ ಲಕ್ಷ ಮಕ್ಕಳಿಗೆ ಆ ನೆರವು ದೊರೆಯುವಂತಾಯಿತು. ನಮ್ಮಲ್ಲಿ ೨೦೦೨ರಲ್ಲಿ ಆರಂಭವಾದ ಶಾಲೆಯೂಟದ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಬಡಿಸುವವನೇ ದಾಸ. ಶರಣರು ಕಂಡ ಈ ವ್ಯತ್ಯಾಸ ಸಾಮಾನ್ಯವಾದುದಲ್ಲ.

ಕೊಡುಗೆ ಮನಸ್ಸು ಬಂದಾಗಿನ ಮಾತಾಗಬಾರದು, ನೇಮವಾಗಬೇಕು ಎಂದವರು ಸ್ಪೇನಿನ ಹ್ವಾನ್ ಮಾತಾ. ೨೦೧೭ರಲ್ಲಿ ಅವರು 'ಕಾಮನ್ ಗೋಲ್' ಎಂಬ ಕೂಟಕ್ಕೆ ತಮ್ಮ ಸಂಬಳದಲ್ಲಿ ನೂರಕ್ಕೆ ಒಂದು ಪಾಲು ಮುಡಿಪಿಟ್ಟು, ಸಹ ಆಟಗಾರರನ್ನೂ ಕರೆದರು. ಜರ್ಮನಿಯ ಹುಮೆಲ್ಸ್, ಇಟಲಿಯ ಕಿಯೆಲ್ಲಿನಿ ಮುಂತಾದವರು ಜೊತೆಗೂಡಿದರು. ನೂರು ಚೀಲಕ್ಕೆ ಒಂದು ಚೀಲ! ನಮ್ಮ ಕಣದ ಲೆಕ್ಕಕ್ಕೆ ಇದು ಅಲ್ಪವೇ. ಆದರೂ ಮನೆಗೆ ಹೇರುವ ಮುನ್ನ ಅಳೆದಿಡುವ ಆ ಬುದ್ಧಿ ದೊಡ್ಡದು.

ಇಂಥ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ನವಲಗುಂದ-ಶಿರಸಂಗಿ ಸಂಸ್ಥಾನದ ದೇಸಾಯಿ ಲಿಂಗರಾಜರು ೧೯೦೬ರಲ್ಲಿ ಕಾಲವಾದಾಗ ತಮ್ಮ ಸಮಸ್ತ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟು ಹೋಗಿದ್ದರು. ಹಂಚಲು ತಾವಿರುವುದಿಲ್ಲವೆಂದು ಬಲ್ಲ ಅವರು ಆ ಕೆಲಸವನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು. ಬೆಳಗಾವಿಯಲ್ಲಿ ೧೯೩೩ರಲ್ಲಿ ಹುಟ್ಟಿದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ನಮ್ಮ ಕಾಲದಲ್ಲಿಯೂ, ಕ್ರಿಕೆಟಿಗ ಕೆ. ಎಲ್. ರಾಹುಲ್ ಬಾಗಲಕೋಟೆ ಜಿಲ್ಲೆಯ ಬಡ ವಿದ್ಯಾರ್ಥಿಯೊಬ್ಬನಿಗೆ ಹುಬ್ಬಳ್ಳಿಯಲ್ಲಿ ಓದಲು ೨೦೨೩ರಲ್ಲಿ ನೆರವಾದರು. ಅದು ಮೆಚ್ಚತಕ್ಕ ಕಾರ್ಯ. ಆದರೆ ಕೇಳುವ ದಾರಿ ತಿಳಿಯದೆ ಮನೆಯಲ್ಲಿಯೇ ಉಳಿದ ಹುಡುಗನ ಗತಿಯೇನು? ಟ್ರಸ್ಟು, ನೇಮ, ಸರಕಾರದ ಯೋಜನೆ ಇವು ಬೇಕಾಗುವುದು ಅವನಿಗಾಗಿ.

ನವಲಗುಂದ ಸೀಮೆಯಲ್ಲಿ ನೆಲದೊಳಗಿನ ನೀರು ಉಪ್ಪು. ಇಲ್ಲಿಯ ಊರುಗಳು ಬಹುಕಾಲ ಕೆರೆಯ ನೀರನ್ನೇ ಕುಡಿದು ಬಾಳಿವೆ. ತಿರ್ಲಾಪುರದಂಥ ಊರಿನಿಂದ ನಾಳೆ ಹುಡುಗನೊಬ್ಬ ಹೊರಟು, ಆಟದಿಂದಲೋ ವಿದ್ಯೆಯಿಂದಲೋ ಕೋಟಿ ಗಳಿಸಿದನೆಂದುಕೊಳ್ಳೋಣ. ಅವನು ಮರಳಿ ಬಂದಾಗ ಊರವರು ಹಾರ ಹಿಡಿದು ಕೈಮುಗಿದು ನಿಲ್ಲಬೇಕಾದುದಿಲ್ಲ. ಅವನು ಕುಡಿದು ಬೆಳೆದ ನೀರಿನ ಕೆರೆಯನ್ನು ಯಾವನೊಬ್ಬನೂ ಒಂಟಿಯಾಗಿ ತೋಡಿರಲಿಲ್ಲ. ರಾಶಿ ಅವನದೇ ಇರಲಿ. ಕಣ ಮಾತ್ರ ಊರಿನದು.