ಗೃಹನಿರ್ಮಾಣವೂ ಗೃಹಪ್ರವೇಶವೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಅರಿಯದ ಗೃಹಸ್ಥನು ನಮ್ಮಲ್ಲಿಲ್ಲ. ಇಷ್ಟು ಕಷ್ಟಸಾಧ್ಯವಾದ ಕಾರ್ಯಕ್ಕೆ ನಮ್ಮ ಪೂರ್ವಿಕರು ಏರ್ಪಡಿಸಿರುವ ವಿಧಿಗಳ ಅಭಿಪ್ರಾಯವೇನೆಂಬುದನ್ನು ವಾಚಕರೊಡನೆ ಕೊಂಚ ವಿಚಾರಿಸೋಣ.

ಮೊದಲನೆಯದು ಭೂಪರೀಕ್ಷೆ. ಆಶ್ವಲಾಯನ ಗೃಹ್ಯಸೂತ್ರವು ಇದನ್ನು ಸ್ಪಷ್ಟವಾಗಿ ವಿಧಿಸಿದೆ. ಮೊಣಕಾಲುದ್ದದ ಗುಂಡಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮುಚ್ಚಬೇಕು. ಮಣ್ಣು ಮಿಕ್ಕರೆ ಭೂಮಿಯು ಪ್ರಶಸ್ತ, ಸಮನಾದರೆ ಮಧ್ಯಮ, ಸಾಲದೆ ಹೋದರೆ ವರ್ಜ್ಯ. ಗಟ್ಟಿಯಾದ ನೆಲದ ಮಣ್ಣು ಅಗೆದಾಗ ಹಿಗ್ಗುತ್ತದೆ. ಪೊಳ್ಳು ನೆಲದ್ದು ಕುಗ್ಗುತ್ತದೆ. ಸೂರ್ಯಾಸ್ತವಾದ ಮೇಲೆ ಗುಂಡಿಗೆ ನೀರು ತುಂಬಿ, ಬೆಳಗ್ಗೆ ಎಷ್ಟು ಉಳಿದಿದೆಯೆಂದು ನೋಡುವ ಪರೀಕ್ಷೆಯೂ ಅಲ್ಲಿಯೇ ಉಂಟು. ನೀರು ಸದ್ದಿಲ್ಲದೆ ಪೂರ್ವಾಭಿಮುಖವಾಗಿ ಹರಿದುಹೋಗುವ ನಿವೇಶನವನ್ನು ಸೂತ್ರಕಾರರು ಕೊಂಡಾಡಿದ್ದಾರೆ.

ಎರಡನೆಯದು ವಾಸ್ತುಪೂಜೆ. ಮತ್ಸ್ಯಪುರಾಣದ ಕಥೆಯಂತೆ, ಅಂಧಕಾಸುರನೊಡನೆ ಕಾದಿದ ಶಿವನ ಬೆವರಿನಿಂದ ಹುಟ್ಟಿದ ಭೂತವೊಂದು ಹಸಿವಿನಿಂದ ಲೋಕವನ್ನೇ ನುಂಗಹೊರಟಿತು. ದೇವತೆಗಳು ಅದನ್ನು ನೆಲಕ್ಕೆ ಕೆಡವಿ ಅದರ ಮೇಲೆ ಕುಳಿತರು. ಅದರ ಆಹಾರಕ್ಕಾಗಿ ವಾಸ್ತುಬಲಿಯನ್ನೂ ಕಲ್ಪಿಸಿದರು. 81 ಪದಗಳ ಮಂಡಲದಲ್ಲಿ 45 ದೇವತೆಗಳನ್ನು ಪೂಜಿಸುವುದು ಇದರಿಂದಲೇ. ನಾವು ಕಾಲಿಡುವ ಮುನ್ನವೇ ನೆಲಕ್ಕೆ ಹಸಿವೂ ಹಕ್ಕೂ ಇದ್ದುವೆಂಬುದು ಈ ಕಥೆಯ ಸಾರವೆಂದು ನಮಗೆ ತೋರುತ್ತದೆ.

ಬಳಿಕ ಬಾಗಿಲನ್ನಿಡುವ ಶಾಸ್ತ್ರ. ಹೊಸ್ತಿಲಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಮಾವಿನ ತೋರಣ ಕಟ್ಟಿ, ಬಡಗಿಗೆ ತಾಂಬೂಲ ದಕ್ಷಿಣೆಗಳನ್ನು ಕೊಡುವುದು ವಾಡಿಕೆ. ಕಡೆಯದು ಗೃಹಪ್ರವೇಶ. ಕರುವಿನೊಡನೆ ಹಸುವು ಮುಂದಾಗಿ ಹೊಗಬೇಕು; ಪೂರ್ಣಕುಂಭವನ್ನೂ ದೀಪವನ್ನೂ ಹಿಡಿದ ದಂಪತಿಗಳು ಅದನ್ನು ಅನುಸರಿಸಬೇಕು. ಹೊಸ ಒಲೆಯ ಮೇಲೆ ಹಾಲು ಉಕ್ಕಬೇಕು. ಋಗ್ವೇದದ ಏಳನೆಯ ಮಂಡಲದ ವಾಸ್ತೋಷ್ಪತಿ ಸೂಕ್ತದಲ್ಲಿಯೂ ಬೇಡಿರುವುದು ಮನುಷ್ಯರ ಕ್ಷೇಮವೊಂದನ್ನೇ ಅಲ್ಲ, ಪಶುಗಳ ಕ್ಷೇಮವನ್ನೂ.

ಈಗ ನಡೆಯುತ್ತಿರುವುದೇನು? ಕಡೆಯ ವಿಧಿಯನ್ನು ವೈಭವದಿಂದ ನಡೆಸಿ, ಮೊದಲನೆಯದನ್ನು ಮರೆತಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಗೆ ಮಳೆಯ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಆ ಮನೆಗಳಲ್ಲಿಯೂ ಹಾಲು ಉಕ್ಕಿಸಿಯೇ ಇದ್ದಿರಬೇಕು. ಕೆರೆಯ ಅಂಗಳವನ್ನೂ ಕಾಲುವೆಯ ದಾರಿಯನ್ನೂ ಮುಚ್ಚಿ ಕಟ್ಟಿದಲ್ಲಿ ಯಾವ ಶಾಂತಿಹೋಮವು ನೀರನ್ನು ತಡೆದೀತು? ಇತ್ತ ಕೆಲವರು, ಅಡಿಗೆಮನೆಯ ದಿಕ್ಕು ತಪ್ಪಿತೆಂಬ ಭಯದಿಂದ ಸಾಲ ಮಾಡಿ, ಕಟ್ಟಿದ ಗೋಡೆಯನ್ನೇ ಕೆಡಹುತ್ತಾರೆ. ಶಾಸ್ತ್ರವು ಹುಟ್ಟಿದ್ದು ಗೃಹಸ್ಥನ ನೆಮ್ಮದಿಗಾಗಿ, ಅವನನ್ನು ಹೆದರಿಸುವುದಕ್ಕಾಗಿ ಅಲ್ಲ.

ಆದುದರಿಂದ ಮನೆ ಕಟ್ಟಿಸಲೆಳಸುವ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಹೂರ್ತವನ್ನು ಕೇಳುವ ಮೊದಲು ಗ್ರಾಮದ ನಕ್ಷೆಯನ್ನು ನೋಡಿರಿ. ಆ ನೆಲದಲ್ಲಿ ಹಿಂದೆ ನೀರು ಎತ್ತ ಹರಿಯುತ್ತಿತ್ತೆಂದು ಅಲ್ಲಿಯ ವೃದ್ಧರನ್ನು ಕೇಳಿರಿ. ಗೃಹಪ್ರವೇಶದ ದಿನ ಕಲ್ಲು ಹೊತ್ತವರನ್ನೂ ಗಾರೆ ಕಲಸಿದವರನ್ನೂ ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಿ, ಮನೆಯೊಡತಿಯೇ ಬಡಿಸಲಿ. ಅವರು ತೃಪ್ತರಾಗಿ ಎದ್ದರೆ ವಾಸ್ತುಪುರುಷನೂ ತೃಪ್ತನಾದನೆಂದೇ ನಮ್ಮ ನಂಬಿಕೆ.